ಮ್ಯಾಗ್ನೆಟ್ ಟಾರ್ಚು: ಹಳೇ ಸೇತುವೆ ನೋಡೋ ಹುಚ್ಚಿರೋರಿಗೆ (5ಕ್ಕೆ 4)

ಕೋಲಾರ ಬಸ್ ಸ್ಟ್ಯಾಂಡ್ ಹತ್ರ ಎಲೆಕ್ಟ್ರಿಕಲ್ ಅಂಗಡೀಲಿ ತಗೊಂಡಿದ್ದು, ಗ್ಯಾರೇಜ್‌ನೋರು ಬಾನೆಟ್ ಒಳಗೆ ಅಂಟಿಸ್ಕೋತಾರಲ್ಲ ಆ ಥರದ್ದು, ತುದೀಲಿ ಒಂದು ಲೈಟು, ಪಕ್ಕದಲ್ಲಿ ಉದ್ದ ಪಟ್ಟಿ ಲೈಟು, ತಳದಲ್ಲಿ ಮ್ಯಾಗ್ನೆಟ್ಟು. ಆರ್ನೂರು ಚಿಲ್ರೆ. ನಂಗೆ ಬೇಕಾಗಿದ್ದು ಗಾಡಿ ರಿಪೇರಿಗಲ್ಲ, ನಮ್ಮ ಕಡೆ ಹಳ್ಳದ ಮೇಲೆ ಯಾರೂ ಓಡಾಡದ ಒಂದು ಟ್ರಸ್ ಸೇತುವೆ (ಕಬ್ಬಿಣದ ಪಟ್ಟಿಗಳನ್ನ ತ್ರಿಕೋನ ತ್ರಿಕೋನವಾಗಿ ಜೋಡಿಸಿರೋದು) ಇದೆ, ಅದನ್ನ ಯಾರು ಕಟ್ಟಿದ್ದು ನೋಡೋಣ ಅಂತ. ಊರಲ್ಲಿ ಕೇಳಿದ್ರೆ ಬ್ರಿಟಿಷ್ನೋರು ಕಟ್ಟಿದ್ದು, ಮುಗೀತು. 1913ರಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಸಣ್ಣ ರೈಲು ಬಂತಲ್ಲ, ಆಗಿಂದು ಅನ್ನೋರೂ ಇದಾರೆ.

ಪಟ್ಟಿ ಲೈಟಿಗೇ ಕಾಸು ಕೊಡಬೇಕು. ಚಾನೆಲ್, ಗರ್ಡರ್ ಅಂದ್ರೆ ಸೇತುವೆಯ ಉಕ್ಕಿನ ತೊಲೆಗಳ ಮೇಲೆ ಉಬ್ಬಕ್ಷರ ಇರುತ್ತೆ, ಆದ್ರೆ ಪೇಂಟ್ ಮೇಲೆ ಪೇಂಟ್ ಕೂತು ನೇರ ಬೆಳಕಲ್ಲಿ ಏನೂ ಕಾಣಲ್ಲ, ಟಾರ್ಚನ್ನ ಅಲ್ಲೇ ಅಂಟಿಸಿ ಬೆಳಕು ಓರೆಯಾಗಿ ಹಾಯೋ ಹಾಗೆ ಬಿಟ್ರೆ ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ, ಕೈ ಖಾಲಿ ಇರೋದ್ರಿಂದ ಫೋಟೋನೂ ತೆಗೀಬಹುದು. ಹಂಗೇ ಸಿಕ್ಕಿದ್ದು ಒಂದ್ಕಡೆ ಡಾರ್ಮನ್ ಲಾಂಗ್, ಮಿಡಲ್ಸ್‌ಬರೊ (ಇಂಗ್ಲೆಂಡಿನ ಉಕ್ಕಿನ ಕಂಪನಿ, ಅದರ ಊರು), ಇನ್ನೊಂದ್ಕಡೆ ಟಾಟಾ.

ಜೊತೇಲಿ ಬಂದಿದ್ದ ಫ್ರೆಂಡು "ಅಲ್ಲಿಗೆ ಡಾರ್ಮನ್ ಲಾಂಗೇ ಕಟ್ಟಿರೋದು ಬಿಡು ಮಗಾ" ಅಂದ. ಅಷ್ಟು ಸಲೀಸಲ್ಲ. ಆ ಕಂಪನಿ ಸೇತುವೇನೂ ಕಟ್ತಿತ್ತು, ಸಿಡ್ನಿ ಹಾರ್ಬರ್ ಸೇತುವೆ ಅವರದ್ದೇ, ಆದ್ರೆ ಗರ್ಡರ್ ಮೇಲಿನ ಹೆಸರು ಉಕ್ಕಿನ ಮಿಲ್ಲಿಂದು ಅಷ್ಟೇ. ಹೌರಾ ಸೇತುವೇನೇ ನೋಡಿ, ಸುಮಾರು 26,500 ಟನ್ ಉಕ್ಕಲ್ಲಿ 23,000 ಟನ್ ಟಾಟಾದ್ದು, ಆ ಉಕ್ಕಿಂದ ಭಾಗಗಳನ್ನ ಮಾಡಿದ್ದು ಬ್ರೇತ್‌ವೇಟ್, ಬರ್ನ್, ಜೆಸಪ್ ಅನ್ನೋ ಬೇರೆ ಕಂಪನಿಗಳು. ಕಟ್ಟಿದೋರ ಹೆಸರಿನ ಫಲಕ ಸಾಮಾನ್ಯವಾಗಿ ಸೇತುವೆ ಬಾಯಲ್ಲಿ, ಕೊನೆ ಕಂಬಕ್ಕೋ ಮೇಲಿನ ಅಡ್ಡಪಟ್ಟಿಗೋ ಹೊಡೆದಿರ್ತಾರೆ. ಇಲ್ಲಿ ತೂತು ಮಾತ್ರ ಇದೆ, ಗುಜರಿಗೆ ಹೋಗಿರುತ್ತೆ.

ಟಾಟಾ ಹೆಸರು ಮಾತ್ರ ಒಳ್ಳೇ ಸುಳಿವು, ಜಮ್‌ಶೆಡ್‌ಪುರದಲ್ಲಿ ಉಕ್ಕು ಶುರುವಾಗಿದ್ದೇ 1912ರಲ್ಲಿ, ಅದಕ್ಕಿಂತ ಹಿಂದಿನ ತುಂಡಲ್ಲ ಅದು. ಆಮೇಲೆ ಬದಲಾಯಿಸಿದ ತುಂಡೂ ಆಗಿರಬಹುದಲ್ಲ ಅಂತ ಜಾಯಿಂಟ್‌ಗೆ ಲೈಟ್ ಬಿಟ್ಟು ನೋಡಿದೆ, ಸುತ್ತ ಎಲ್ಲಾ ಒಂದೇ ಸೈಜಿನ ರಿವೆಟ್ಟು (ಕಾಯಿಸಿ ಬಡಿದು ಕೂರಿಸೋ ಮೊಳೆ), ಆಮೇಲೆ ಹಾಕಿದ್ರೆ ಇರಬಹುದಾದ ಬೋಲ್ಟ್ ಒಂದೂ ಇಲ್ಲ, ಹಾಗಾಗಿ ಮೊದಲಿಂದಲೇ ಇರೋ ತುಂಡು, ಅಂದ್ರೆ ಸೇತುವೇನೂ 1912ಕ್ಕಿಂತ ಹಿಂದಿನದಲ್ಲ ಅನ್ನೋದು ನನ್ನ ಲೆಕ್ಕ. ಪೇಂಟ್ ಕೆರೆಯೋಕೆ ಹೋಗ್ಬೇಡಿ, ಹಳೇ ಪೇಂಟಲ್ಲಿ ಸೀಸ ಇರುತ್ತೆ.

ಮೈನಸ್ಸು: ಪೇಂಟ್ ದಪ್ಪ ಇರೋ ಕಡೆ ಮ್ಯಾಗ್ನೆಟ್ ಜಾರುತ್ತೆ. ಆಫ್ ಮಾಡೋಕೆ ಮಿಣುಕೋ ಮೋಡೆಲ್ಲಾ ದಾಟಬೇಕು, ತಲೆನೋವು. ವಾಟರ್‌ಪ್ರೂಫ್ ಅಂತ ಡಬ್ಬದ ಮೇಲಿದೆ, ನಾನಂತೂ ಟೆಸ್ಟ್ ಮಾಡಲ್ಲ.