ಆರ್‌ಬಿಐ ಡಿಬಿಐಇ: ಸಾಲದ ಅಂಕಿಅಂಶಕ್ಕೆ ಭರಪೂರ, ಪೈಪೋಟಿಯ ಲೆಕ್ಕಕ್ಕೆ ಅರೆಬರೆ

ಬ್ಯಾಂಕ್ ಸಾಲದ ಬಗ್ಗೆ ಸಂಶೋಧನೆ ಮಾಡುವವರು ಕೊನೆಗೆ ಬಂದು ನಿಲ್ಲುವುದು ರಿಸರ್ವ್ ಬ್ಯಾಂಕಿನ ಡಿಬಿಐಇ ದತ್ತಾಂಶ ತಾಣದಲ್ಲೇ. ಶುಲ್ಕವಿಲ್ಲ, ಕೋಷ್ಟಕಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಸಾಲ ಎಷ್ಟು, ಯಾರಿಗೆ, ಎಲ್ಲಿ ಎಂದು ಕೇಳಿದರೆ ಧಾರಾಳವಾಗಿ ಉತ್ತರ ಕೊಡುತ್ತದೆ. ಯಾವ ಜಿಲ್ಲೆಯಲ್ಲಿ ಯಾವ ಬ್ಯಾಂಕಿನ ಹಿಡಿತ ಎಷ್ಟು ಎಂದರೆ ಮಾತ್ರ ಕೈಚೆಲ್ಲುತ್ತದೆ.

ವಲಯವಾರು ಸಾಲದ ಮಾಸಿಕ ಕೋಷ್ಟಕದಿಂದ ಶುರು ಮಾಡಿ. 41 ಬ್ಯಾಂಕುಗಳ ಲೆಕ್ಕ ಇದು. ಆಹಾರೇತರ ಸಾಲದಲ್ಲಿ, ಅಂದರೆ ಸರ್ಕಾರಿ ಧಾನ್ಯ ಖರೀದಿಗೆ ಕೊಟ್ಟದ್ದನ್ನು ಬಿಟ್ಟು ಉಳಿದ ಸಾಲದಲ್ಲಿ, ಸುಮಾರು ಶೇ 95ರಷ್ಟು ಇದರಲ್ಲೇ ಬರುತ್ತದೆ. 2023ರ ಜುಲೈಗೆ ಬಂದಾಗ ಗೃಹಸಾಲದ ಸಾಲು ಏಕಾಏಕಿ ಜಿಗಿದಿರುತ್ತದೆ. ಜನ ಮುಗಿಬಿದ್ದು ಮನೆ ಕೊಂಡಿದ್ದಲ್ಲ; ಆ ತಿಂಗಳ 1ರಂದು ಎಚ್‌ಡಿಎಫ್‌ಸಿ ತನ್ನ ಬ್ಯಾಂಕಿನೊಂದಿಗೆ ವಿಲೀನವಾಗಿ, ಗೃಹಸಾಲ ಕಂಪನಿಯ ಪುಸ್ತಕದಲ್ಲಿದ್ದ ಹಳೇ ಸಾಲ ಬ್ಯಾಂಕಿನ ಪುಸ್ತಕಕ್ಕೆ ಬಂತು. ವಿಲೀನ ಬಿಟ್ಟು ಎಷ್ಟು ಎಂಬುದನ್ನೂ ಆರ್‌ಬಿಐ ಕೊಟ್ಟಿದೆ. 2024ರ ಜೂನ್‌ವರೆಗಿನ ವಾರ್ಷಿಕ ಬೆಳವಣಿಗೆಗೆ ಅದನ್ನೇ ಹಿಡಿಯಿರಿ.

ಇಂಥದ್ದೇ ಇನ್ನೊಂದು ಜಿಗಿತ 2016ರ ಮಾರ್ಚ್‌ನ ಎನ್‌ಪಿಎ (ವಸೂಲಾಗದ ಸಾಲ) ಅಂಕಿಗಳಲ್ಲಿದೆ. ಬ್ಯಾಂಕುಗಳ ಸಾಲ ಎಷ್ಟು ಗಟ್ಟಿ ಎಂದು ನೋಡಲು ಆರ್‌ಬಿಐ 2015ರಲ್ಲಿ ಶುರು ಮಾಡಿದ ಆಸ್ತಿ ಗುಣಮಟ್ಟ ಪರಿಶೀಲನೆಯಿಂದ ಮುಚ್ಚಿಟ್ಟಿದ್ದ ಕೆಟ್ಟ ಸಾಲ ಪುಸ್ತಕಕ್ಕೆ ಏರಿತು. ಆ ವರ್ಷವನ್ನು ಮಾದರಿಯಲ್ಲಿ ಬೇರೆಯಾಗಿ ಗುರುತಿಸದಿದ್ದರೆ ಫಲಿತಾಂಶ ಅಡ್ಡದಾರಿ ಹಿಡಿಯುತ್ತದೆ.

ಜಿಲ್ಲಾವಾರು ಲೆಕ್ಕಕ್ಕೆ ಬ್ಯಾಂಕುಗಳು ಆರ್‌ಬಿಐಗೆ ಸಲ್ಲಿಸುವ ಮೂಲ ಅಂಕಿಅಂಶ ರಿಟರ್ನ್, ಅಂದರೆ ಬಿಎಸ್‌ಆರ್, ಬೇಕು. ಇಲ್ಲಿ ಸಾಲ ಮಂಜೂರಾದ ಜಾಗ ಬೇರೆ, ಬಳಕೆಯಾದ ಜಾಗ ಬೇರೆ. ಬೆಂಗಳೂರಿನ ಶಾಖೆಯಲ್ಲಿ ಮಂಜೂರಾದ ಸಾಲದಿಂದ ಬಳ್ಳಾರಿಯಲ್ಲಿ ಕಾರ್ಖಾನೆ ನಡೆಯುತ್ತಿರಬಹುದು. ಸ್ಥಳೀಯ ಆರ್ಥಿಕತೆಯ ಅಧ್ಯಯನಕ್ಕೆ ಬಳಕೆಯ ಲೆಕ್ಕ ಹಿಡಿಯಿರಿ. ಶಾಖೆಗಳ ವ್ಯವಹಾರ ಅಳೆಯಲು ಮಂಜೂರಾತಿಯದು ಸಾಕು. ಅಂದಹಾಗೆ, 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಬಳ್ಳಾರಿಯ ಅಂಕಿಗಳು ಕುಗ್ಗಿದಂತೆ ಕಂಡರೆ ಬೆಚ್ಚಬೇಡಿ, ಎರಡನ್ನೂ ಕೂಡಿಸಿ ಹಳೇ ಸರಣಿಗೆ ಜೋಡಿಸಿ.

ಇನ್ನು ಪೈಪೋಟಿ. ಅಮೆರಿಕದ ಠೇವಣಿ ವಿಮಾ ಸಂಸ್ಥೆ ಎಫ್‌ಡಿಐಸಿ ಪ್ರತಿ ಜೂನ್ 30ಕ್ಕೆ ಪ್ರತಿ ಶಾಖೆಯ ಠೇವಣಿಯನ್ನು ಹೆಸರು ಸಮೇತ ಪ್ರಕಟಿಸುತ್ತದೆ. ಡಿಬಿಐಇಯಲ್ಲಿ ಜಿಲ್ಲಾ ಮಟ್ಟದಲ್ಲಿ ಸಿಗುವುದು ಸರ್ಕಾರಿ, ಖಾಸಗಿ ಎಂಬಂಥ ಬ್ಯಾಂಕ್ ಗುಂಪುಗಳ ಮೊತ್ತ ಮಾತ್ರ. ಈ ತಾಣದ ದೊಡ್ಡ ಕೊರತೆ ಇದೇ. ಶಾಖೆಗಳ ಪಟ್ಟಿ ಇಳಿಸಿಕೊಂಡು, ಜಿಲ್ಲೆಯ ಒಟ್ಟು ಶಾಖೆಗಳಲ್ಲಿ ಪ್ರತಿ ಬ್ಯಾಂಕಿನ ಶೇಕಡಾ ಪಾಲು ತೆಗೆದು, ವರ್ಗ ಮಾಡಿ ಕೂಡಿಸುವುದೇ ಸದ್ಯಕ್ಕೆ ಇರುವ ದಾರಿ. ಬರುವ ಮೊತ್ತವೇ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ; ಅದು ಹೆಚ್ಚಿದಷ್ಟೂ ಪೈಪೋಟಿ ಕಡಿಮೆ ಎಂದರ್ಥ. 40, 30, 20, 10 ಎಂಬ ಪಾಲಿಗೆ 1600+900+400+100, ಅಂದರೆ 3000. ಕೊನೆಯ ಎರಡು ಬ್ಯಾಂಕ್ ಒಂದಾದರೆ 3400. ಏರಿಕೆಯನ್ನಷ್ಟೇ ತಿಳಿಯಲು ಎರಡರ ಪಾಲನ್ನು ಗುಣಿಸಿ ದುಪ್ಪಟ್ಟು ಮಾಡಿದರೆ ಸಾಕು. ಸಣ್ಣ ಶಾಖೆಗೂ ದೊಡ್ಡದಕ್ಕೂ ಒಂದೇ ತೂಕ ಬೀಳುತ್ತದೆ ಎಂಬುದು ಈ ದಾರಿಯ ದೋಷ.

ಇವತ್ತಿನ ಶಾಖೆಗಳ ಪಟ್ಟಿಯನ್ನು ಹಳೇ ವರ್ಷಗಳಿಗೆ ಹಚ್ಚಬೇಡಿ. ಕರಾವಳಿಯಲ್ಲಿ ಹುಟ್ಟಿದ ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋದವು. ದಕ್ಷಿಣ ಕನ್ನಡದಂಥ ಜಿಲ್ಲೆಯಲ್ಲಿ ಇದನ್ನು ಸರಿಪಡಿಸದೆ ವಿಲೀನದ ಪರಿಣಾಮ ಹುಡುಕಿದರೆ ಏನೂ ಕಾಣುವುದಿಲ್ಲ: ಸಿಂಡಿಕೇಟ್ ಮತ್ತು ಕೆನರಾ ಮೊದಲಿನಿಂದಲೂ ಒಂದೇ ಎಂದು ನಿಮ್ಮ ಕೋಷ್ಟಕವೇ ಹೇಳುತ್ತಿರುತ್ತದೆ.

ನಿಯಮಗಳ ಪರಿಣಾಮ ಅಳೆಯುವವರು ಆದ್ಯತಾ ವಲಯದ (ಕೃಷಿ, ಸಣ್ಣ ಉದ್ದಿಮೆಯಂಥ, ಬ್ಯಾಂಕುಗಳು ಇಂತಿಷ್ಟು ಸಾಲ ಕೊಡಲೇಬೇಕಾದ ಕ್ಷೇತ್ರಗಳ) ಆರ್‌ಬಿಐ ನಿರ್ದೇಶನಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ತಲಾ ಆದ್ಯತಾ ಸಾಲ ₹9,000ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ಹೆಚ್ಚುವರಿ ಸಾಲಕ್ಕೆ 2024-25ರಿಂದ ಶೇ 125ರ ತೂಕ (ಅಂದರೆ ₹100 ಕೊಟ್ಟರೆ ಗುರಿಯ ಲೆಕ್ಕಕ್ಕೆ ₹125), ₹42,000 ದಾಟಿದಲ್ಲಿ ಶೇ 90. ಹಿಂದಿನ ಮಿತಿಗಳು ₹6,000 ಮತ್ತು ₹25,000 ಇದ್ದವು. ಮಿತಿಯ ಆಚೀಚೆ ಇರುವ ಜಿಲ್ಲೆಗಳನ್ನು ಹೋಲಿಸಲು ಒಳ್ಳೆಯ ಅವಕಾಶ. ಜಿಲ್ಲೆಗಳ ಪಟ್ಟಿ ನಿರ್ದೇಶನದ ಅನುಬಂಧದಲ್ಲಿದೆ. ಹೆಸರಿನ ಕಾಗುಣಿತ ಬಿಎಸ್‌ಆರ್‌ಗೆ ತಾಳೆಯಾಗದಿದ್ದರೆ ಕೈಯಾರೆ ಹೊಂದಿಸಬೇಕು.

2025ರಲ್ಲಿ ಬಂದ ಆರ್‌ಬಿಐಡೇಟಾ ಆ್ಯಪ್ ಫೋನಿನಲ್ಲಿ ಕಣ್ಣಾಡಿಸಲು ಅಡ್ಡಿಯಿಲ್ಲ. ಗಂಭೀರ ಕೆಲಸಕ್ಕೆ ಕಂಪ್ಯೂಟರಿನಲ್ಲಿ ತಾಣವನ್ನೇ ತೆರೆಯಿರಿ.