‘ಲಿನಕ್ಸ್ ಓಡುತ್ತೆ ಸರ್’ ಅಂದ ಮಾತ್ರಕ್ಕೆ ದುಡ್ಡು ಎಣಿಸಬೇಡಿ

ಪ್ಯೂರ್ ಡೇಟಾ, ಸೂಪರ್‌ಕೊಲೈಡರ್‌ನಂಥ ಸದ್ದು ಕಟ್ಟುವ ಸಾಫ್ಟ್‌ವೇರ್ ಇಟ್ಟುಕೊಂಡು ಡ್ರೋನು (ಎಡೆಬಿಡದೆ ಎಳೆಯುವ ಸ್ವರ), ನಾಯ್ಸು ಅಂತ ಏನೇನೋ ಪ್ರಯೋಗದ ಸಂಗೀತ ಮಾಡುವವರು ಪುಟ್ಟ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ನನಗೆ 11 ಇಂಚಿನ, ಫ್ಯಾನ್ ಇಲ್ಲದ ಲ್ಯಾಪ್‌ಟಾಪ್ ತೋರಿಸಿದರು. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ (ಅಗ್ಗದ ಸ್ಟೋರೇಜ್ ಚಿಪ್). ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಓಡಿಸಿಯೂ ತೋರಿಸಿದರು. ಬ್ರೌಸರ್ ತೆರೆಯಿತು, ವೈಫೈ ಹಿಡಿಯಿತು. ಸೌಂಡ್ ಎಲ್ಲಿ ಅಂದರೆ, “ಡ್ರೈವರ್ ಹಾಕಿದ್ರೆ ಬರುತ್ತೆ ಸರ್, ಬರ್ಲಿಲ್ಲ ಅಂದ್ರೆ ವಾಪಸ್ ತಗೋತೀವಿ” ಅಂದರು.

ಬರಲಿಲ್ಲ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಒಂದೇ. ಒಳಗಿದ್ದದ್ದು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಆಗಾಗ ಕಾಣುವ ಇಎಸ್8336 ಕೊಡೆಕ್, ಅಂದರೆ ಸೌಂಡ್ ಚಿಪ್. ಸ್ಪೀಕರ್ ಯಾವ ಪಿನ್ನಿನಿಂದ ಆನ್ ಆಗುತ್ತೆ, ಹೆಡ್‌ಫೋನ್ ಯಾವುದರಿಂದ ಅನ್ನುವುದು ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಥರ. ಅದು ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಗೊತ್ತಿಲ್ಲದಿದ್ದರೆ ಹೊರಗಿನಿಂದ ಸುಲಭವಾಗಿ ಹಾಕಿಕೊಳ್ಳಲು ‘ಡ್ರೈವರ್’ ಅಂತ ಒಂದು ಸಾಮಾನ್ಯವಾಗಿ ಇರುವುದಿಲ್ಲ. ವಾಪಸ್ ಒಯ್ದರೆ ಅಂಗಡಿಯವರು ಅಲ್ಲೇ ವಿಂಡೋಸ್ ಹಾಕಿ ಸಿನಿಮಾ ಹಾಡೊಂದನ್ನು ಜೋರಾಗಿ ನುಡಿಸಿದರು. “ನೋಡಿ, ಮಷೀನ್ ಸರಿ ಇದೆ. ಸಾಫ್ಟ್‌ವೇರ್‌ಗೆ ನಾವು ಜವಾಬ್ದಾರರಲ್ಲ.”

ಹಾಳಾಗಲಿ ಅಂತ ಯುಎಸ್‌ಬಿ ಸೌಂಡ್ ಕಾರ್ಡ್ ಸಿಕ್ಕಿಸಿದೆ. ಡ್ರೈವರಿನ ಗೊಡವೆ ಇಲ್ಲದೆ ಅದು ಕೆಲಸ ಮಾಡಿತು. ಆದರೆ ಅಸಲಿ ಕಾಟ ಶುರುವಾದದ್ದೇ ಆಮೇಲೆ. 48 ಕಿಲೋಹರ್ಟ್ಸ್‌ನಲ್ಲಿ 128 ಫ್ರೇಮಿನ ಬಫರ್ (ಸದ್ದನ್ನು ಮೊದಲೇ ತುಂಬಿಡುವ ಜಾಗ) ಇಟ್ಟರೆ ಪ್ರತಿ 2.7 ಮಿಲಿಸೆಕೆಂಡಿಗೊಮ್ಮೆ ಮುಂದಿನ ತುಣುಕು ಸಿದ್ಧವಿರಬೇಕು. ಮೊದಲು ಕೆಲ ನಿಮಿಷ ಗ್ರ್ಯಾನ್ಯುಲರ್ ಪ್ಯಾಚ್ (ಸದ್ದನ್ನು ಚೂರುಚೂರು ಮಾಡಿ ಮತ್ತೆ ಪೋಣಿಸುವ ಪ್ರೋಗ್ರಾಂ) ಚೊಕ್ಕಟವಾಗಿ ಓಡುತ್ತಿತ್ತು. ತಳ ಕಾವೇರುತ್ತಿದ್ದಂತೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತಿತ್ತು. ಸದ್ದು ಸಾಗಿಸುವ ಜ್ಯಾಕ್ ಸಾಫ್ಟ್‌ವೇರಿನ ವಿಂಡೋದಲ್ಲಿ ಎಕ್ಸ್‌ರನ್ (ಹೊತ್ತಿಗೆ ಸಿದ್ಧವಾಗದ ತುಣುಕುಗಳ) ಸಂಖ್ಯೆ ಆಟೋ ಮೀಟರಿನ ಹಾಗೆ ಏರತೊಡಗುತ್ತಿತ್ತು, ಕಿವಿಯಲ್ಲಿ ಚಟಪಟ. ಎಕ್ಸ್‌ಪೆರಿಮೆಂಟಲ್ ತಾನೆ, ಅದೂ ಸಂಗೀತವೇ ಅಲ್ಲವಾ ಅಂತ ಗೆಳೆಯನೊಬ್ಬ ಹಂಗಿಸಿದ. ಬೇಕಂತಲೇ ಹಾಕಿದ ಚಟಪಟ ಬೇರೆ ಮಾರಾಯ!

ಬಫರನ್ನು 1024ಕ್ಕೆ ಏರಿಸಿದರೆ ಗಲಾಟೆ ನಿಲ್ಲುತ್ತೆ, ಆದರೆ ಆ ಒಂದು ಬಫರ್ ತುಂಬುವುದಕ್ಕೇ 21 ಮಿಲಿಸೆಕೆಂಡ್. ಡ್ರೋನಿಗೆ ಪರವಾಗಿಲ್ಲ, ಕಾಂಟ್ಯಾಕ್ಟ್ ಮೈಕ್ (ವಸ್ತುವಿನ ಕಂಪನ ಹಿಡಿಯುವ ಮೈಕ್) ಹಚ್ಚಿದ ತಗಡನ್ನು ಬಡಿದರೆ ಸದ್ದು ಕೈಗಿಂತ ಹಿಂದೆ ಬೀಳುತ್ತೆ. ಈಗ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ರಿಯಲ್‌ಟೈಮ್ ಕರ್ನಲ್ ಇದೆಯಲ್ಲ ಅನ್ನುತ್ತೀರಾ? ನಿಜ, 2024ರ 6.12 ಆವೃತ್ತಿಯಿಂದ ಅದು ಮುಖ್ಯ ಕರ್ನಲ್‌ನಲ್ಲೇ ಸೇರಿದೆ. ಆದರೆ ಕರ್ನಲ್ ಚಿಪ್ಪಿಗೆ ಗಾಳಿ ಬೀಸುವುದಿಲ್ಲವಲ್ಲ. ರ್‍ಯಾಮೂ ಇಎಂಎಂಸಿಯೂ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಬಿಚ್ಚಿ ಸುಧಾರಿಸುವ ದಾರಿಯೂ ಇಲ್ಲ.

ಅಂಗಡಿಗೆ ಹೋಗುವಾಗ ಉಬುಂಟು ಸ್ಟುಡಿಯೋ (ಆಡಿಯೋ, ವಿಡಿಯೋ ಕೆಲಸಕ್ಕೆ ಸಜ್ಜಾದ ಲಿನಕ್ಸ್) ಹಾಕಿದ ಪೆನ್‌ಡ್ರೈವ್, ಹೆಡ್‌ಫೋನ್ ಜೇಬಿನಲ್ಲಿರಲಿ. ಅಲ್ಲೇ ಬೂಟ್ ಮಾಡಿ, ಅಲ್ಸಾಮಿಕ್ಸರ್ ಅನ್ನುವ ಪ್ರೋಗ್ರಾಂನಲ್ಲಿ ಸೌಂಡ್ ಕಾರ್ಡಿನ ಹೆಸರು ನೋಡಿ, ನಿಮ್ಮದೇ ಭಾರದ ಪ್ಯಾಚ್ ಹಾಕಿ ಲ್ಯಾಪ್‌ಟಾಪಿನ ಮೈ ಬಿಸಿಯಾಗುವ ತನಕ ಓಡಿಸಿ. ಅಂಗಡಿಯವರು ಬಿಡುವುದಿಲ್ಲ ಅಂದರೆ ಎದ್ದು ಬನ್ನಿ.

ಸಣ್ಣದೇ ಬೇಕು ಅನ್ನುವವರಿಗೆ 2012ರ ಥಿಂಕ್‌ಪ್ಯಾಡ್ ಎಕ್ಸ್230 ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಲು ಹೇಳುತ್ತೇನೆ. 12.5 ಇಂಚು, ಫ್ಯಾನ್ ಇದೆ, ಎರಡು ಸ್ಲಾಟಿನಲ್ಲಿ 16 ಜಿಬಿವರೆಗೆ ರ್‍ಯಾಮ್, ಎಸ್‌ಎಸ್‌ಡಿ ನೀವೇ ಬದಲಿಸಬಹುದು. ಬ್ಯಾಟರಿ ಸತ್ತಿರುವ ಸಾಧ್ಯತೆ ಹೆಚ್ಚು, ಬೆಲೆ ಕುದುರಿಸುವಾಗ ಅದನ್ನು ಎತ್ತಿ. ಡೂಪ್ಲಿಕೇಟ್ ಚಾರ್ಜರ್ ಕೊಟ್ಟರೆ ಅದನ್ನೂ ಸಿಕ್ಕಿಸಿಯೇ ಕೇಳಿ: ಆಂಪ್ಲಿಫೈಯರಿನಲ್ಲಿ ಗುಂಯ್ ಅಂದು, ಚಾರ್ಜರ್ ಕಿತ್ತ ಕೂಡಲೇ ನಿಂತರೆ ಬೇರೆ ಚಾರ್ಜರ್ ಕೊಡಿ ಅನ್ನಿ.