ತಾರಸಿ ಮೇಲೆ ಎರಡು ಗ್ರಿಲ್: ಇದ್ದಿಲಿನದು ಏಳು ವರ್ಷ, ಗ್ಯಾಸಿನದು ನಾಲ್ಕು

ಕೋಳಿ, ತರಕಾರಿ ಸುಡಲು ಇದ್ದಿಲು ಗ್ರಿಲ್ ತರುವುದೋ ಗ್ಯಾಸಿನದೋ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಎರಡೂ ಇವೆ. ಮುಚ್ಚಳವಿರುವ ದುಂಡನೆಯ ಇದ್ದಿಲು ಗ್ರಿಲ್ ತಂದದ್ದು 2019ರ ಜನವರಿಯಲ್ಲಿ, 6,500 ರೂಪಾಯಿಗೆ. ಎರಡು ಬರ್ನರಿನ ಗ್ಯಾಸ್ ಗ್ರಿಲ್ 2021ರ ಆಗಸ್ಟಿನದು, ಅದಕ್ಕೆ 14,000 ಬಿತ್ತು. ತುಮಕೂರಿನಲ್ಲಿ ಸ್ವಂತ ಮನೆ, ಮೇಲೆ ತಾರಸಿ, ತಿನ್ನುವವರು ಐದು ಜನ. ಸೋಮವಾರ, ಶನಿವಾರ ಬಾಡು ಮಾಡುವುದಿಲ್ಲ. ಉಳಿದ ದಿನಗಳಲ್ಲಿ ತಿಂಗಳಿಗೆ ಮೂರ್ನಾಲ್ಕು ಸಲ ಗ್ರಿಲ್ ಹಚ್ಚುತ್ತೇವೆ. ಮಳೆಗಾಲದಲ್ಲಿ ಅದೂ ಇಲ್ಲ.

ಇದ್ದಿಲು ಗ್ರಿಲ್ ಬಂದ ದಿನ ಅಮ್ಮ ಸುತ್ತ ಒಂದು ಸುತ್ತು ಹಾಕಿ ನೋಡಿ, "ಇದೇನೋ, ಅಗ್ಗಿಷ್ಟಿಕೆಗೆ ಮುಚ್ಚಳ ಹಾಕವ್ರೆ" ಅಂದರು. ಸರಿಯಾದ ಮಾತೇ. ಆ ಮುಚ್ಚಳಕ್ಕೂ ಒಂದು ಕಥೆಯಿದೆ. ಷಿಕಾಗೋದಲ್ಲಿ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ, ನೀರಿನಲ್ಲಿ ತೇಲಿಬಿಡಲು ಅಲ್ಲಿ ಮಾಡುತ್ತಿದ್ದ ಲೋಹದ ಬುರುಡೆಯನ್ನು 1952ರಲ್ಲಿ ಅರ್ಧಕ್ಕೆ ಕತ್ತರಿಸಿ, ಕೆಳಗಿನದನ್ನು ಬಾಣಲೆಯನ್ನಾಗಿಯೂ ಮೇಲಿನದನ್ನು ಮುಚ್ಚಳವನ್ನಾಗಿಯೂ ಮಾಡಿಕೊಂಡ. ಗಾಳಿಗೆ ಬೂದಿ ಹಾರಿ ಮಾಂಸದ ಮೇಲೆ ಕೂರುತ್ತಿದ್ದ ಕಾಟ ತಪ್ಪಿತು. ನಮ್ಮ ತಾರಸಿಯಲ್ಲೂ ಆಷಾಢದ ಗಾಳಿಗೆ ಮುಚ್ಚಳವಿಲ್ಲದೆ ನಡೆಯುವುದಿಲ್ಲ.

ಮೊದಲ ವರ್ಷ ಎಡವಿದ್ದೆಲ್ಲ ಇದ್ದಿಲಿನಲ್ಲೇ. ಬೀದಿಯ ತುದಿಯ ಇಸ್ತ್ರಿ ಅಂಗಡಿಯಣ್ಣನ ಹತ್ತಿರ ಒಂದು ಚೀಲ ಕೊಂಡೆ. ಕಾಲು ಭಾಗ ಪುಡಿ, ಜೊತೆಗೆ ನಾಲ್ಕು ಕಲ್ಲು. ಹತ್ತಿಸಲು ಸೀಮೆಎಣ್ಣೆ ಸುರಿದೆ. ಅಂದಿನ ಕೋಳಿ ತಿಂದವರಿಗೆ ಗೊತ್ತು, ಎರಡು ದಿನ ತೇಗಿನಲ್ಲೂ ಸೀಮೆಎಣ್ಣೆ. ಎರಡನೇ ಸಲ ಕರ್ಪೂರ ತಂದೆ. "ದೇವರ ಮುಂದೆ ಹಚ್ಚೋದ್ನ ಕೋಳಿ ಮುಂದೆ ಹಚ್ತೀಯಾ" ಎಂದು ಅಮ್ಮ ಡಬ್ಬಿ ಕಿತ್ತುಕೊಂಡರು. ಕೊನೆಗೆ ಕೈಹಿಡಿದದ್ದು ಹಳೆಯ 15 ಕಿಲೋ ಎಣ್ಣೆ ಡಬ್ಬ. ತಳ ತೆಗೆಸಿ, ಬುಡದಿಂದ ನಾಲ್ಕು ಬೆರಳು ಮೇಲಕ್ಕೆ ಸಲಾಕೆ ಅಡ್ಡ ಹಾಯಿಸಿ, ಸುತ್ತ ತೂತು ಹೊಡೆಸಿದೆ. ಕೆಳಗೆ ತೆಂಗಿನ ನಾರು, ಸಲಾಕೆಯ ಮೇಲೆ ಇದ್ದಿಲು. ಬೆಂಕಿ ಕೊಟ್ಟು 20–25 ನಿಮಿಷ ಬಿಟ್ಟರೆ ಮೇಲಿನ ತುಂಡಿಗೂ ಬೂದಿಬಣ್ಣ ಬಂದಿರುತ್ತದೆ. ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಕೊಳವೆ ಸಿಗುತ್ತದೆ, ಕೆಲಸ ಇದೇ. ಇಕ್ಕಳ ಮಾತ್ರ ಉದ್ದದ್ದು ಇಟ್ಟುಕೊಳ್ಳಿ.

2022ರಲ್ಲಿ ಆ ಇಸ್ತ್ರಿಯಣ್ಣ ಇದ್ದಿಲಿನ ಪೆಟ್ಟಿಗೆ ಬಿಟ್ಟು ಗ್ಯಾಸಿನ ಇಸ್ತ್ರಿ ಪೆಟ್ಟಿಗೆಗೆ ಬದಲಾದರು. ಬೂದಿ ಹಾರಿ ಬಿಳಿ ಅಂಗಿ ಕೆಡುವುದಿಲ್ಲ, ಬೆಳಿಗ್ಗೆ ಅರ್ಧ ಗಂಟೆ ಬೀಸುತ್ತ ಕೂರಬೇಕಿಲ್ಲ. "ನೀವೂ ಬಿಟ್ಬಿಡಿ ಸಾರ್" ಎಂದರು. ಕೋಳಿಗೆ ರುಚಿ ಬರಲ್ಲ ಅಂದೆ. "ಓ ಹೌದಾ, ಬಟ್ಟೆಗೆ ಆ ತಾಪತ್ರಯ ಇಲ್ಲ ನೋಡಿ" ಅಂದು ನಕ್ಕರು.

ಅಲ್ಲಿಂದ ಮುಂದೆ ನಮ್ಮದು ಕರಟದ ಇದ್ದಿಲು. ತಿಪಟೂರು ಕೊಬ್ಬರಿಯ ಊರು, ಕರಟಕ್ಕೆ ಬರವಿಲ್ಲ. ನೆಂಟರ ಮನೆಗೆ ಹೋದಾಗ ಚೀಲ ಹಾಕಿಸಿಕೊಂಡು ಬರುತ್ತೇನೆ, ಕಿಲೋಗೆ 60 ರೂಪಾಯಿ ಆಚೀಚೆ. ಮರದ ಇದ್ದಿಲಿಗೂ ಇದಕ್ಕೂ ತುಂಬ ವ್ಯತ್ಯಾಸ. ಮರದ್ದು ಬೇಗ ಹತ್ತುತ್ತದೆ, ಆದರೆ ಚಟಪಟ ಕಿಡಿ ಹಾರಿಸುತ್ತದೆ. ನನ್ನ ಒಂದು ಲುಂಗಿಯ ತುಂಬ ಅದರ ಗುರುತಿದೆ. ಕರಟದ್ದು ಹತ್ತಲು ಸತಾಯಿಸುತ್ತದೆ, ಹತ್ತಿದ ಮೇಲೆ ಕಾವು ಜೋರು, ಹೊಗೆ ಕಮ್ಮಿ, ಬಹಳ ಹೊತ್ತು ನಿಲ್ಲುತ್ತದೆ. ತೊಂದರೆ ಒಂದೇ, ತುಂಡು ಚಿಕ್ಕದಾದ್ದರಿಂದ ಜಾಲರಿಯಲ್ಲಿ ನುಸುಳಿ ಬೀಳುತ್ತದೆ. ಕೆಳಗೆ ಸಣ್ಣ ಕಣ್ಣಿನ ಇನ್ನೊಂದು ಜಾಲರಿ ಇಟ್ಟರೆ ಸರಿಹೋಗುತ್ತದೆ. ಸಲಕ್ಕೆ ಒಂದೂವರೆ ಕಿಲೋ ಸಾಕು, ಅಂದರೆ 90 ರೂಪಾಯಿ.

ಇನ್ನು ಗ್ಯಾಸ್. ಅದನ್ನು ತರಿಸಿದವಳು ನನ್ನ ಹೆಂಡತಿ. "ಏಳು ಗಂಟೆಗೆ ಹಸಿವು ಅಂದ್ರೆ ಒಂಬತ್ತಕ್ಕೆ ಊಟ ಕೊಡ್ತೀರಿ" ಎಂಬುದು ಅವಳ ದೂರು, ಸುಳ್ಳಲ್ಲ. ಗ್ಯಾಸಿನದು ಹತ್ತು ನಿಮಿಷಕ್ಕೆ ಕಾಯುತ್ತದೆ, ಒಂದು ಬರ್ನರ್ ಆರಿಸಿದರೆ ಆ ಕಡೆ ನೇರ ಉರಿಯಿಲ್ಲದೆ ನಿಧಾನ ಬೇಯುತ್ತದೆ. ಇದ್ದಿಲಿನಲ್ಲಿ ಅದೇ ಕೆಲಸಕ್ಕೆ ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ, ಗಾಳಿಕಂಡಿ ಅರ್ಧ ಮುಚ್ಚಿ, ಆಮೇಲೆ ದೇವರ ಮೇಲೆ ಭಾರ ಹಾಕಬೇಕು. 5 ಕಿಲೋ ಸಿಲಿಂಡರ್ ನಮಗೆ 18ರಿಂದ 20 ಸಲಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ ಸಲಕ್ಕೆ ಮೂವತ್ತು ಮೂವತ್ತೈದು ರೂಪಾಯಿ. ಮೊದಲ ಖರ್ಚು ಎರಡರಷ್ಟಾದರೂ ಆಮೇಲೆ ಗ್ಯಾಸೇ ಅಗ್ಗ, ನಾನು ತಿಳಿದಿದ್ದಕ್ಕೆ ತಿರುಗಾಮುರುಗಾ.

ಗ್ಯಾಸ್ ಕೈಕೊಟ್ಟದ್ದು 2023ರ ದಸರಾ ರಜೆಯಲ್ಲಿ. ಮೂರು ತಿಂಗಳು ಮಳೆಯೆಂದು ಮುಚ್ಚಿಟ್ಟಿದ್ದನ್ನು ಹಚ್ಚಿದರೆ ಎಡಗಡೆಯ ಬರ್ನರ್ ಹಳದಿ ಉರಿ ಉಗುಳುತ್ತಿತ್ತು, ಕೋಳಿಗೆಲ್ಲ ಮಸಿ. ಕಂಪನಿಗೆ ಫೋನು ಮಾಡಿದರೆ, ಬರ್ನರ್ ಬದಲಿಸಬೇಕು, ಬರಲು ಹದಿನೈದು ದಿನ, ಬೆಲೆ ಇಷ್ಟು ಎಂದರು. ಬಿಚ್ಚಿ ನೋಡದೆ ಹೇಳಿದ ಮಾತು. ನಮ್ಮ ಒಲೆ ರಿಪೇರಿಯ ಹುಡುಗ ಬಂದು ಬರ್ನರಿನ ಕೊಳವೆ ಹೊರಗೆಳೆದು ಸೈಕಲ್ ಕಡ್ಡಿ ತೂರಿಸಿದ. ಹೊರಬಂದದ್ದು ಒಂದು ಉಂಡೆ ಜೇಡರ ಬಲೆ. ಗ್ಯಾಸಿನ ಜೊತೆ ಗಾಳಿ ಬೆರೆಯುವ ಜಾಗವೇ ಅದು. ಅಲ್ಲಿ ಕಟ್ಟಿಕೊಂಡರೆ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಕೆಲವೊಮ್ಮೆ ಉರಿ ಕೊಳವೆಯ ಹಿಂದಕ್ಕೂ ನುಗ್ಗುತ್ತದಂತೆ. ಅವನು ತೆಗೆದುಕೊಂಡದ್ದು ನೂರು ರೂಪಾಯಿ, ಒಂದು ಲೋಟ ಟೀ. ಈಗ ಪ್ರತಿ ಮಳೆಗಾಲ ಮುಗಿದ ಮೇಲೆ ಕಡ್ಡಿ ತೂರಿಸುವುದು ನನ್ನ ಕೆಲಸ. ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೋ ನೋಡುವುದೂ ಅದೇ ದಿನ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ಸಿಲಿಂಡರನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಡಲು ನಾನು ಬಿಡುವುದಿಲ್ಲ.

ಇದ್ದಿಲಿನವರು ನಮಗೆ ಈ ಭಯವಿಲ್ಲ ಎಂದುಕೊಳ್ಳಬೇಡಿ. ಒಮ್ಮೆ ಮಧ್ಯದಲ್ಲಿ ಮಳೆ ಬಂದಾಗ ಭಾಮೈದ ಗ್ರಿಲ್ಲನ್ನು ಕೆಂಡದ ಸಮೇತ ತಾರಸಿಯ ಕೋಣೆಯೊಳಕ್ಕೆ ಎಳೆಯಲು ಹೊರಟಿದ್ದ, "ಹೊಗೆ ಇಲ್ವಲ್ಲ ಭಾವ" ಎನ್ನುತ್ತ. ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಅಂದಿನ ಕೋಳಿ ನೆನೆಯಿತು, ನೆನೆಯಲಿ.

ಈಗ ರುಚಿಯ ವಿಷಯ. ಮನೆಯಲ್ಲಿ ಇದರ ಮೇಲೆ ಎಷ್ಟು ವಾದ ನಡೆದಿದೆಯೆಂದರೆ, ಕಳೆದ ವರ್ಷ ಒಂದು ಭಾನುವಾರ ಎರಡೂ ಗ್ರಿಲ್ ಒಟ್ಟಿಗೆ ಹಚ್ಚಿ ಪರೀಕ್ಷೆಯನ್ನೇ ಮಾಡಿದೆವು. ಒಂದೇ ಮಸಾಲೆ, ಒಂದೇ ಪಾತ್ರೆಯಲ್ಲಿ ನೆನೆದದ್ದು. ತಿನ್ನುವವರ ಕಣ್ಣಿಗೆ ಟವೆಲ್. ಬಡಿಸುವವನಾದ್ದರಿಂದ ನಾನು ಮಾತ್ರ ಲೆಕ್ಕಕ್ಕಿಲ್ಲ. ಮುಸುಕಿನ ಜೋಳದಲ್ಲಿ ಯಾರಿಗೂ ತಿಳಿಯಲಿಲ್ಲ. ಸರಿ ಹೇಳಿದವರು ಇಬ್ಬರು, ತಪ್ಪು ಹೇಳಿದವರು ಇಬ್ಬರು. ಪನೀರೂ ಹಾಗೇ. ಚರ್ಮ ತೆಗೆದ ಕೋಳಿ ಎದೆಯ ತುಂಡಿನಲ್ಲೂ ತಿಳಿಯಲಿಲ್ಲ. "ಇದ್ದಿಲಿನದೇ ಬೇರೆ" ಎಂದು ವರ್ಷಗಟ್ಟಲೆ ಎದೆ ತಟ್ಟಿಕೊಂಡು ಬಂದ ನನಗೆ ಇಲ್ಲಿಯವರೆಗೆ ಮುಖಭಂಗ. ಆಮೇಲೆ ಬಂತು ಚರ್ಮದ ಸಮೇತ ತೊಡೆ. ನಾಲ್ವರೂ ಸರಿ ಹೇಳಿದರು, ಹತ್ತು ವರ್ಷದ ಮಗಳು ಬಾಯಿಗಿಡುವ ಮೊದಲೇ ಮೂಸಿ ಹೇಳಿದಳು. ಕೊನೆಯದು ಉಪ್ಪುಕಂಡ. ಅಮ್ಮ ಗ್ಯಾಸಿನದನ್ನು ಒಂದು ಕಡಿತ ಕಚ್ಚಿ, "ಇದು ಬೆಂದೈತೆ, ಸುಟ್ಟಿಲ್ಲ" ಎಂದು ತಟ್ಟೆಯ ಅಂಚಿಗೆ ಸರಿಸಿದರು.

ಕಾರಣ ಆಮೇಲೆ ಹೊಳೆಯಿತು. ಮರದ ಹೊಗೆಯೆಲ್ಲ ಇದ್ದಿಲು ಮಾಡುವ ಗುಂಡಿಯಲ್ಲೇ ಹೋಗಿರುತ್ತದೆ. ಚೆನ್ನಾಗಿ ಹತ್ತಿದ ಇದ್ದಿಲಿಗೆ ತನ್ನದೇ ಘಮ ಅಂತ ಹೆಚ್ಚೇನೂ ಉಳಿದಿರುವುದಿಲ್ಲ. ನಾವು ಇದ್ದಿಲಿನ ರುಚಿ ಅನ್ನುವುದು ಕೊಬ್ಬಿನದು. ತುಂಡಿನಿಂದ ತೊಟ್ಟಿಕ್ಕಿದ ಕೊಬ್ಬು ಕೆಂಡದ ಮೇಲೆ ಬಿದ್ದು ಚುಂಯ್ ಎಂದು ಹೊಗೆಯಾಗಿ ಮತ್ತೆ ಆ ತುಂಡಿಗೇ ಅಂಟಿಕೊಳ್ಳುತ್ತದೆ. ಜೋಳದಲ್ಲಿ ತೊಟ್ಟಿಕ್ಕಲು ಏನಿದೆ? ಗ್ಯಾಸ್ ಗ್ರಿಲ್ಲಿನಲ್ಲಿ ಬರ್ನರಿನ ಮೇಲೆ ಇಳಿಜಾರು ತಗಡಿದೆ, ಬಿದ್ದ ಕೊಬ್ಬಿನಲ್ಲಿ ಸ್ವಲ್ಪ ಹೊಗೆಯಾದರೂ ಬಹುಪಾಲು ಜಾರಿ ತಟ್ಟೆಗೆ ಸೇರುತ್ತದೆ. ಜೊತೆಗೆ ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. ಕೆಂಡದ ಕಾವು ಒಣ ಕಾವು. ಚರ್ಮ ಗರಿಗರಿಯಾಗುವುದರಲ್ಲಿ ಆ ವ್ಯತ್ಯಾಸ ನಾಲಿಗೆಗೇ ಸಿಗುತ್ತದೆ. ಹಾಗಂತ ಕೊಬ್ಬು ಬಿದ್ದು ಭಗ್ಗನೆ ಉರಿ ಎದ್ದರೆ ತುಂಡನ್ನು ಪಕ್ಕಕ್ಕೆ ಎಳೆಯಿರಿ. ಆ ಕಪ್ಪು ಮಸಿ ರುಚಿಯೂ ಅಲ್ಲ, ಮೈಗೂ ಒಳ್ಳೆಯದಲ್ಲ.

ಬದನೆಕಾಯಿ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಸಿಪ್ಪೆ ಸುಟ್ಟು ಕರಕಲಾಗುವುದು. ನೇರ ಕೆಂಡದ ಮೇಲೆ ಮಲಗಿಸಿದರೆ ಗೊಜ್ಜಿಗೆ ಅದಕ್ಕಿಂತ ಮೇಲಿಲ್ಲ, ಎರಡನೆಯದು ಅಡುಗೆಮನೆಯ ಒಲೆಯ ಉರಿ, ಮೂರನೆಯದು ಹದಿನಾಲ್ಕು ಸಾವಿರದ ಗ್ಯಾಸ್ ಗ್ರಿಲ್. ಅದರಲ್ಲಿ ಕಾಯಿ ಸುಡುವ ಮೊದಲು ಬೆಂದು ಮೆತ್ತಗಾಗುತ್ತದೆ. ಗೆಣಸಂತೂ ಇದ್ದಿಲಿಗೇ ಮೀಸಲು. ಊಟವಾದ ಮೇಲೆ ಬಿಸಿ ಬೂದಿಯಲ್ಲಿ ಹೂತಿಟ್ಟು ಮಾತಾಡುತ್ತ ಕೂತರೆ ಮುಕ್ಕಾಲು ಗಂಟೆಗೆ ಜೇನಿನ ಹಾಗೆ ಆಗಿರುತ್ತದೆ. ಹಲಸಿನ ಹಪ್ಪಳಕ್ಕೂ ಉಳಿದ ಕೆಂಡವೇ ಸಾಕು.

ಆದ್ದರಿಂದ ಕೇಳಿದವರಿಗೆ ನಾನು ತಿರುಗಿ ಕೇಳುವುದು, ಏನು ಸುಡುತ್ತೀರಿ? ಪನೀರು, ತರಕಾರಿ, ಜೋಳ, ಚರ್ಮವಿಲ್ಲದ ಕೋಳಿಯಾದರೆ ಗ್ಯಾಸ್ ತಗೊಳ್ಳಿ, ಇದ್ದಿಲಿಗೆ ದುಡ್ಡು ದಂಡ. ಕೊಬ್ಬಿರುವ ಕುರಿ, ಚರ್ಮದ ಕೋಳಿ, ಬಂಗುಡೆಯಾದರೆ ಇದ್ದಿಲು, ಅದರಲ್ಲಿ ಎರಡು ಮಾತಿಲ್ಲ. ಅಪಾರ್ಟ್‌ಮೆಂಟ್ ಬಾಲ್ಕನಿಯವರು ಎರಡನ್ನೂ ತರುವ ಮೊದಲು ಅಸೋಸಿಯೇಷನ್‌ನವರನ್ನು ಕೇಳಿ. ನಮ್ಮ ಪಕ್ಕದ ಮನೆಯವರು ಒಗೆದ ಬಟ್ಟೆ ಒಣಹಾಕಿದ ದಿನ ನಾನೂ ಇದ್ದಿಲು ಹಚ್ಚುವುದಿಲ್ಲ, ಒಮ್ಮೆ ಹಚ್ಚಿ ಬೈಸಿಕೊಂಡ ಮೇಲೆ.

ಬಾಳಿಕೆಯ ಮಾತು. ಇದ್ದಿಲು ಗ್ರಿಲ್ಲಿನ ತಳದ ಗಾಳಿಕಂಡಿ ಎರಡೇ ವರ್ಷಕ್ಕೆ ತುಕ್ಕು ಹಿಡಿದು ಜಾಮ್ ಆಯಿತು. ತಪ್ಪು ನನ್ನದೇ, ಬೂದಿಯನ್ನು ಹಾಗೇ ಬಿಟ್ಟಿದ್ದೆ. ಬೂದಿ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಈಗ ಮಾರನೇ ದಿನವೇ ಬಳಿದು ಡಬ್ಬಕ್ಕೆ ತುಂಬುತ್ತೇವೆ. ಅಮ್ಮ ಅದನ್ನು ಜರಡಿ ಹಿಡಿದು ಬಿತ್ತನೆಯ ಅವರೆಗೆ, ಅಲಸಂದೆಗೆ ಹುಳ ಬೀಳದಂತೆ ಬೆರೆಸಿಡುತ್ತಾರೆ. ಗ್ಯಾಸಿನದರ ಮೈ ಇನ್ನೂ ಗಟ್ಟಿಯಿದೆ, ಹಚ್ಚುವ ಕಿಡಿಗುಂಡಿ ಮಾತ್ರ ಒಂದೇ ವರ್ಷಕ್ಕೆ ಸತ್ತಿತು, ಲೈಟರಿನಲ್ಲೇ ಹಚ್ಚುತ್ತೇವೆ. ಇದ್ದಿಲಿನದರ ಮೇಲಿನ ಜಾಲರಿ ನಡುವೆ ಬಾಗಿ ಬಟ್ಟಲಾಗಿದೆ. ವೆಲ್ಡಿಂಗ್ ಅಂಗಡಿಯವನಿಗೆ ಅಳತೆ ಕೊಟ್ಟು ಬಂದಿದ್ದೇನೆ, 8 ಮಿಲಿಮೀಟರ್ ಸ್ಟೀಲ್ ಸಲಾಕೆಯದು, ಸಂಕ್ರಾಂತಿಯೊಳಗೆ ಕೊಡುತ್ತೇನೆ ಅಂದಿದ್ದಾನೆ. ಯಾವ ಸಂಕ್ರಾಂತಿ ಅಂತ ಹೇಳಿಲ್ಲ.